ಅಣುವಿಗೆ ಅಚ್ಚು ತೆಗೆದವರು

ಬಳ್ಳಾರಿ ನಗರದ ಅಂಚಿನಲ್ಲಿರುವ ಸಂಗನಕಲ್ಲು ಮತ್ತು ಕಪ್ಪಗಲ್ಲಿನ ಬೆಟ್ಟಗಳು ನವಶಿಲಾಯುಗದ ಕೊಡಲಿ ತಯಾರಿಕೆಗೆ ಹೆಸರಾದವು. ಡಾಲರೈಟ್ ಎಂಬ ಕರಿಕಲ್ಲಿನ ಕೊಡಲಿಗಳನ್ನು ಅಲ್ಲಿನ ಬಂಡೆಗಳ ಮೇಲೆ ಉಜ್ಜಿ ಉಜ್ಜಿ ನುಣುಪು ಮಾಡಿದ ಜಾಗಗಳಲ್ಲಿ ಉದ್ದನೆಯ ತಗ್ಗುಗಳು ಉಳಿದಿದ್ದು, ಕೊಡಲಿ ಕಣ್ಣೆದುರು ಇಲ್ಲದಿದ್ದರೂ ಅದರ ಮೈ ಹೇಗಿದ್ದಿರಬೇಕೆಂಬುದನ್ನು ತಗ್ಗನ್ನು ನೋಡಿಯೇ ಅಂದಾಜು ಮಾಡಬಹುದು. ಇಂಥ ತಗ್ಗನ್ನು ಒಂದೇ ಒಂದು ಅಣುವಿನ ಅಳತೆಗೆ ಇಳಿಸಿ, ಆ ಅಣು ಮರಳಿ ಬಂದಾಗ ಅದನ್ನು ಹಿಡಿದು ಸುದ್ದಿ ಕೊಡುವಂತೆ ಮಾಡುವ ಪ್ರಯತ್ನ ರಸಾಯನಶಾಸ್ತ್ರದಲ್ಲಿ ಸುಮಾರು ತೊಂಬತ್ತು ವರ್ಷಗಳಿಂದ ನಡೆದುಬಂದಿದೆ. ಅದರ ಫಲವನ್ನು ಅಣು-ಅಚ್ಚಿನ ಪಾಲಿಮರ್ ಎನ್ನಬಹುದು.

ತಯಾರಿಯ ಕ್ರಮ ಹೇಳುವುದಕ್ಕೆ ಸರಳವಾಗಿದೆ. ಪತ್ತೆ ಹಚ್ಚಬೇಕಾದ ಅಣುವನ್ನು ಅಚ್ಚಿನ ಮಾದರಿಯಾಗಿ ಇಟ್ಟುಕೊಂಡು, ಅದಕ್ಕೆ ಅಂಟಿಕೊಳ್ಳಬಲ್ಲ ಮಾನೊಮರ್‌ಗಳೆಂಬ ಬಿಡಿ ಅಣುಗಳನ್ನು ಅದರ ಸುತ್ತ ನೆರೆಯಲು ಬಿಟ್ಟು, ನಂತರ ಅವೆಲ್ಲವನ್ನೂ ಅಡ್ಡಕೊಂಡಿಗಳಿಂದ ಪರಸ್ಪರ ಹೆಣೆದು ಗಟ್ಟಿ ಪ್ಲಾಸ್ಟಿಕ್ ಮಾಡಲಾಗುತ್ತದೆ. ಬಳಿಕ ಮಾದರಿ ಅಣುವನ್ನು ದ್ರಾವಕದಲ್ಲಿ ತೊಳೆದು ತೆಗೆದರೆ ಅದರ ಆಕಾರದ ಪೊಳ್ಳು ಉಳಿಯುತ್ತದೆ. ಆಕಾರ ಮಾತ್ರವಲ್ಲದೆ, ಅಣುವಿನ ಯಾವ ಭಾಗವನ್ನು ಯಾವ ಕಡೆಯಿಂದ ಹಿಡಿಯಬೇಕೆಂಬ ರಾಸಾಯನಿಕ ಜೋಡಣೆಯೂ ಆ ಪೊಳ್ಳಿನ ಒಳಗೋಡೆಯಲ್ಲಿ ಉಳಿದಿರುತ್ತದೆ.

ಇದರ ಅಗತ್ಯವನ್ನು ತಿಳಿಯಲು ದೂರ ಹೋಗಬೇಕಿಲ್ಲ. ತುಂಗಭದ್ರೆಯ ಕಾಲುವೆ ನೀರು ಕಂಡಿರುವ ಸಿರುಗುಪ್ಪ, ಕುರುಗೋಡು ಭಾಗದ ಭತ್ತ, ಮೆಣಸಿನಕಾಯಿ, ಹತ್ತಿ ಬೆಳೆಗಳಿಗೆ ರೈತರು ಹೊಡೆಯುವ ಎಣ್ಣೆಗಳ ಪೈಕಿ ಸಾವಯವ ರಂಜಕದ ಕೀಟನಾಶಕಗಳದ್ದು ಹಳೆಯ ಗುಂಪು. ನರಗಳ ನಡುವೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ವಸ್ತುವನ್ನು ಕೆಲಸ ಮುಗಿದೊಡನೆ ಒಡೆದುಹಾಕುವ ಕಿಣ್ವವನ್ನೇ ಇವು ಕಟ್ಟಿಹಾಕುವುದರಿಂದ ಹುಳು ಸಾಯುತ್ತದೆ, ಪ್ರಮಾಣ ಮೀರಿದರೆ ಮನುಷ್ಯರೂ ಉಳಿಯುವುದಿಲ್ಲ. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ದೇವಸ್ಥಾನದ ಪ್ರಸಾದ ಉಂಡು 17 ಮಂದಿ ಸತ್ತಾಗ ಅದರಲ್ಲಿ ಸಿಕ್ಕಿದ್ದು ಇದೇ ಗುಂಪಿನ ಮೊನೊಕ್ರೊಟೊಫಾಸ್. ಇಂಥ ವಸ್ತುವನ್ನು ಖಚಿತವಾಗಿ ಗುರುತಿಸಬೇಕಾದರೆ ಬೆರಕೆಯ ಘಟಕಗಳನ್ನು ಒಂದೊಂದಾಗಿ ಬಿಡಿಸುವ ಕ್ರೊಮ್ಯಾಟೊಗ್ರಫಿ ಯಂತ್ರವೂ, ಬಿಡಿಸಿದ್ದನ್ನು ಅಣುವಿನ ತೂಕದ ಮೇಲೆ ಗುರುತು ಹಿಡಿಯುವ ಮಾಸ್ ಸ್ಪೆಕ್ಟ್ರೋಮೀಟರೂ ಬೇಕು. ಅವು ಇರುವ ಕಡೆಗೆ ಮಾದರಿಯನ್ನು ಒಯ್ಯಬೇಕೇ ಹೊರತು ಅವು ಕಾಲುವೆಯ ದಂಡೆಗೆ ಬರುವುದಿಲ್ಲ.

ಅಚ್ಚಿನ ಕಲ್ಪನೆ ಹುಟ್ಟಿದ್ದು ಕೀಟನಾಶಕದ ಚಿಂತೆಯಿಂದಲ್ಲ. 1931ರಲ್ಲಿ ಕೀವ್ ನಗರದ ಎಂ.ವಿ. ಪೊಲ್ಯಾಕೊವ್, ಮರಳಿನ ಮೂಲಧಾತುವಿನಿಂದಲೇ ಆಗುವ ಸಿಲಿಕಾ ಜೆಲ್ ಎಂಬ ಹೀರುವಸ್ತುವನ್ನು ಬೆಂಜೀನ್, ಟಾಲ್ವೀನ್, ಜೈಲೀನ್‌ಗಳ ಸಹವಾಸದಲ್ಲಿ ವಾರಗಟ್ಟಲೆ ಒಣಗಿಸಿ, ಅದು ತಾನು ಯಾವುದರ ಜೊತೆ ಒಣಗಿತ್ತೋ ಅದನ್ನೇ ಹೆಚ್ಚಾಗಿ ಹೀರುವುದನ್ನು ಗಮನಿಸಿದ್ದರು. ರಷ್ಯನ್ ಭಾಷೆಯಲ್ಲಿ ಪ್ರಕಟವಾದ ಆ ಕೆಲಸ ಬಹುಕಾಲ ಹೊರಗಿನವರ ಗಮನಕ್ಕೆ ಬರಲಿಲ್ಲ. ಅತ್ತ ಅಮೆರಿಕದಲ್ಲಿ ಲೈನಸ್ ಪಾಲಿಂಗ್ 1940ರಲ್ಲಿ, ದೇಹಕ್ಕೆ ನುಗ್ಗಿದ ಹೊರವಸ್ತುವಿನ ಮೈಗೆ ತಕ್ಕಂತೆ ಪ್ರೋಟೀನಿನ ಎಳೆ ಸುತ್ತಿಕೊಂಡು ಪ್ರತಿಕಾಯ ರೂಪುಗೊಳ್ಳುತ್ತದೆಂಬ ವಾದವನ್ನು ಮುಂದಿಟ್ಟರು. ಪ್ರತಿಕಾಯಗಳ ಮಟ್ಟಿಗೆ ಅದು ತಪ್ಪೆಂದು ಮುಂದೆ ತಿಳಿಯಿತು. ಆದರೆ ಆ ವಾದವನ್ನು ಪ್ರೋಟೀನಿನ ಹೊರಗೆ ಪರೀಕ್ಷಿಸಹೊರಟ ಫ್ರಾಂಕ್ ಡಿಕಿ 1949ರಲ್ಲಿ ಮೀಥೈಲ್ ಆರೆಂಜ್ ಬಣ್ಣದ ಸಮ್ಮುಖದಲ್ಲಿ ಸಿಲಿಕಾ ಜೆಲ್ ತಯಾರಿಸಿ, ಬಣ್ಣವನ್ನು ತೊಳೆದು ತೆಗೆದು, ಅದೇ ಜೆಲ್ಲಿಗೆ ಮೀಥೈಲ್, ಈಥೈಲ್, ಪ್ರೊಪೈಲ್, ಬ್ಯುಟೈಲ್ ಆರೆಂಜ್‌ಗಳನ್ನು ಒಡ್ಡಿದಾಗ ಜೆಲ್ ತನ್ನ ಹಳೆಯ ಮೀಥೈಲ್ ಆರೆಂಜನ್ನೇ ಮುಂದಾಗಿ ಹಿಡಿಯಿತು. ಈ ನಾಲ್ಕು ಬಣ್ಣಗಳ ನಡುವಿನ ಭೇದ ತುದಿಯಲ್ಲಿರುವ ಕೆಲವೇ ಇಂಗಾಲ, ಜಲಜನಕ ಪರಮಾಣುಗಳದ್ದು. ತಪ್ಪು ಸಿದ್ಧಾಂತವೊಂದು ಸರಿಯಾದ ಪ್ರಯೋಗವನ್ನು ಮಾಡಿಸಿದ ಉದಾಹರಣೆಗಳಲ್ಲಿ ಇದಕ್ಕೆ ಒಳ್ಳೆಯ ಸ್ಥಾನ ಸಲ್ಲಬೇಕು.

ಸಿಲಿಕಾದಿಂದ ಪ್ಲಾಸ್ಟಿಕ್ಕಿಗೆ ದಾಟಿದ್ದು 1972ರಲ್ಲಿ. ಜರ್ಮನಿಯ ಗುಂಟರ್ ವುಲ್ಫ್ ಮತ್ತು ಎ. ಸರ್ಹಾನ್ ಮಾದರಿ ಅಣುವನ್ನು ಮಾನೊಮರ್‌ಗಳಿಗೆ ಗಟ್ಟಿ ರಾಸಾಯನಿಕ ಬಂಧದಿಂದ ಜೋಡಿಸಿ ಅಚ್ಚು ತೆಗೆದರೆ, ಸ್ವೀಡನ್ನಿನ ಲುಂಡ್ ನಗರದ ಕ್ಲಾಸ್ ಮೋಸ್‌ಬಾಕ್ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ಜಲಜನಕ ಬಂಧದಂಥ ಸಡಿಲ ಸೆಳೆತಗಳೇ ಸಾಕೆಂದು ತೋರಿಸಿ ಕೆಲಸವನ್ನು ಬಹಳ ಹಗುರಗೊಳಿಸಿದರು. ಇವರ ತಂಡ 1993ರಲ್ಲಿ ಆಸ್ತಮಾದ ಔಷಧಿಯಾದ ಥಿಯೊಫಿಲಿನ್‌ಗೆ ಅಚ್ಚು ತೆಗೆದು ರೋಗಿಯ ರಕ್ತದ್ರವದಲ್ಲಿ ಅದರ ಪ್ರಮಾಣವನ್ನು ಅಳೆಯಿತು. ಒಂದೇ ಒಂದು ಮೀಥೈಲ್ ಗುಂಪು ಹೆಚ್ಚಿಗೆ ಇರುವ ಕೆಫೀನ್‌ಗೆ, ಅಂದರೆ ಕಾಫಿಯಲ್ಲಿರುವ ವಸ್ತುವಿಗೆ, ಆ ಪಾಲಿಮರ್ ಬಹುತೇಕ ಸೊಪ್ಪು ಹಾಕಲಿಲ್ಲ.

ಆದರೂ ಇವೆಲ್ಲ ಹಿಡಿಯುವ ಸಾಧನಗಳು, ತಿಳಿಸುವ ಸಾಧನಗಳಲ್ಲ. ಸಂವೇದಕ ಎನಿಸಿಕೊಳ್ಳಬೇಕಾದರೆ ಪೊಳ್ಳು ತುಂಬಿದ್ದು ಹೊರಗೆ ಗೊತ್ತಾಗಬೇಕು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಅನ್ವಯಿಕ ಭೌತವಿಜ್ಞಾನ ಪ್ರಯೋಗಾಲಯದ ರಸಾಯನಶಾಸ್ತ್ರಜ್ಞ ಜಾರ್ಜ್ ಮರ್ರೆಯವರ ಕೊಡುಗೆ ಇರುವುದು ಇಲ್ಲಿ. 1995ರ ಮಾರ್ಚ್ 20ರಂದು ಟೋಕಿಯೊದ ಸುರಂಗ ರೈಲಿನಲ್ಲಿ ಸಾರಿನ್ ಎಂಬ ನರವಿಷ ಹರಡಿದ ಮೇಲೆ ಇಂಥ ವಿಷಗಳ ಶೀಘ್ರ ಪತ್ತೆ ಎಲ್ಲ ದೇಶಗಳಿಗೂ ತುರ್ತಿನ ವಿಷಯವಾಗಿತ್ತು. ಸಾರಿನ್ ಮತ್ತು ಅಂಥದೇ ಇನ್ನೊಂದು ನರವಿಷವಾದ ಸೋಮನ್ ಮೇಲೆ ಹೇಳಿದ ಕೀಟನಾಶಕಗಳದ್ದೇ ಕುಲದವು. ಕಟ್ಟಿಹಾಕುವ ಕಿಣ್ವವೂ ಅದೇ.

ಮರ್ರೆ, ಅಮಾಂಡಾ ಜೆಂಕಿನ್ಸ್ ಮತ್ತು ಊಯ್ 1999ರಲ್ಲಿ ಪ್ರಕಟಿಸಿದ ಸಂವೇದಕ, ಸೋಮನ್ ನೀರಿನಲ್ಲಿ ಒಡೆದಾಗ ಉಳಿಯುವ ಫಾಸ್ಫೋನೇಟ್ ತುಣುಕನ್ನು ಹುಡುಕುತ್ತದೆ. ಇದರ ಪೊಳ್ಳಿನ ನಡುವೆ ಯೂರೋಪಿಯಂ ಎಂಬ ವಿರಳ ಭಸ್ಮ ಲೋಹದ ಅಯಾನನ್ನು ಕೂರಿಸಲಾಗಿತ್ತು. ಹಳೆಯ ಬಣ್ಣದ ಟಿ.ವಿ. ಪರದೆಗಳಿಗೆ ಕೆಂಪು ಕೊಡುತ್ತಿದ್ದುದೂ ಈ ಲೋಹವೇ. ಇಂಥ ಪಾಲಿಮರನ್ನು ಬೆಳಕು ಸಾಗಿಸುವ ಗಾಜಿನೆಳೆಗೆ ಜೋಡಿಸಿ, 465.8 ನ್ಯಾನೊಮೀಟರ್‌ನ ನೀಲಿ ಲೇಸರ್ ಬೆಳಕನ್ನು ಹಾಯಿಸಿದಾಗ, ಫಾಸ್ಫೋನೇಟ್ ಬಂದು ಯೂರೋಪಿಯಂಗೆ ಅಂಟಿದ್ದರೆ ಮಾತ್ರ 610 ನ್ಯಾನೊಮೀಟರ್ ಆಸುಪಾಸಿನಲ್ಲಿ ಕೆಂಪು ಬೆಳಕಿನ ಸಪೂರ ಗೆರೆಯೊಂದು ಕಾಣಿಸಿಕೊಳ್ಳುತ್ತಿತ್ತು. ಒಂದು ಲಕ್ಷ ಕೋಟಿ ಭಾಗ ನೀರಿನಲ್ಲಿ 7 ಭಾಗದಷ್ಟಿದ್ದರೂ ಅದು ಪತ್ತೆಯಾಗುತ್ತಿತ್ತು. ಪೊಳ್ಳಿನ ಆಕಾರವೂ ಬೆಳಕಿನ ಗೆರೆಯೂ ಎರಡೂ ಹೊಂದಬೇಕಿದ್ದುದರಿಂದ ಸುಳ್ಳು ಎಚ್ಚರಿಕೆಯ ಸಂಭವ ಕಡಿಮೆಯಾಗಿ, ಪರೀಕ್ಷೆಗೆ ಒಡ್ಡಿದ ಸಮೀಪ ಬಂಧುಗಳಾದ ಕೀಟನಾಶಕಗಳು ಅದನ್ನು ಮೋಸಗೊಳಿಸಲಿಲ್ಲ. 2001ರಲ್ಲಿ ಜೆಂಕಿನ್ಸ್ ಮತ್ತಿಬ್ಬರು ಇದೇ ಉಪಾಯವನ್ನು ತಿರುಗಿಸಿ, ಅದೇ ಕೀಟನಾಶಕಗಳ ಕುಲವನ್ನು ನೀರಿನಲ್ಲಿ ಹುಡುಕುವ ಸಂವೇದಕಗಳನ್ನು ಮಾಡಿದರು. ಬಳ್ಳಾರಿಯಂಥ ಜಿಲ್ಲೆಗೆ ಮೊದಲಿನದಕ್ಕಿಂತ ಈ ಎರಡನೆಯದೇ ಹೆಚ್ಚು ಸಂಬಂಧಪಟ್ಟದ್ದು.

ಭಾರತದಲ್ಲಿ ಕೆಲವರು ಬೆಳಕಿನ ಬದಲು ವಿದ್ಯುತ್ತಿನ ದಾರಿ ಹಿಡಿದರು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಭೀಮ್ ಬಲಿ ಪ್ರಸಾದ್ ಅವರ ತಂಡ ಪೆನ್ಸಿಲ್ಲಿನ ಗ್ರಾಫೈಟ್ ಕಡ್ಡಿಯ ಮೇಲೆಯೇ ಅಚ್ಚಿನ ಪಾಲಿಮರ್ ಬೆಳೆಸಿ ಎಲೆಕ್ಟ್ರೋಡ್ ಮಾಡಿದೆ. ಕರ್ನಾಟಕದಲ್ಲಿ ಇದಕ್ಕೆ ತೀರ ಹತ್ತಿರದ ಪರಂಪರೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ್ದು. ಅಲ್ಲಿ ಬಿ.ಇ. ಕುಮಾರಸ್ವಾಮಿ ಮತ್ತು ಅವರ ವಿದ್ಯಾರ್ಥಿಗಳು ನೂರಕ್ಕೆ 70 ಪಾಲು ಗ್ರಾಫೈಟ್ ಪುಡಿ, 30 ಪಾಲು ಸಿಲಿಕೋನ್ ಎಣ್ಣೆಯನ್ನು ಅಗೇಟ್ ಕಲ್ಲಿನ ಪುಟ್ಟ ಒರಳಿನಲ್ಲಿ ಕೈಯಾರೆ ಅರೆದು, ಆ ಕಣಕವನ್ನು ಕೊಳವೆಯ ತುದಿಗೆ ತುಂಬಿ, ಮೇಲ್ಮೈಯನ್ನು ಕಾಗದದ ಮೇಲೆ ತಿಕ್ಕಿ ನಯಗೊಳಿಸಿ, ಅದರ ಮೇಲೆ ಪಾಲಿಮರ್ ಪೊರೆ ಬೆಳೆಸಿ, ಮಿದುಳಿನ ಡೋಪಮಿನ್ ಎಂಬ ವಸ್ತುವಿನ ಸಂಕೇತವನ್ನು ವಿಟಮಿನ್ ಸಿ ಮತ್ತು ಯೂರಿಕ್ ಆಮ್ಲದ ಸಂಕೇತಗಳಿಂದ ಬಿಡಿಸಿ ತೋರಿಸಿದ್ದಾರೆ. ಈ ಪೊರೆಗಳು ಅಚ್ಚು ತೆಗೆದವಲ್ಲ. ಆದರೆ ಅಚ್ಚಿನ ಪಾಲಿಮರಿನ ಪುಡಿಯನ್ನು ಇಂಥದೇ ಕಣಕದಲ್ಲಿ ಅರೆದು ಸೇರಿಸುವುದು ಜಗತ್ತಿನ ಹಲವು ಪ್ರಯೋಗಾಲಯಗಳಲ್ಲಿ ರೂಢಿಯಾಗಿರುವ ವಿಧಾನ. ಒರಳು, ಗ್ರಾಫೈಟ್ ಮತ್ತು ತಾಳ್ಮೆ ಇದ್ದರೆ ಸಣ್ಣ ವಿಶ್ವವಿದ್ಯಾಲಯವೂ ಈ ಕ್ಷೇತ್ರದಲ್ಲಿ ನಿಲ್ಲಬಹುದು ಎಂಬುದು ಕಡಿಮೆ ಮಾತಲ್ಲ.

ಇಷ್ಟಾಗಿಯೂ ಅಣು-ಅಚ್ಚಿಗೆ ಮಾರುಕಟ್ಟೆ ಸಿಕ್ಕಿದ್ದು ಮುಖ್ಯವಾಗಿ ಸಂವೇದಕವಾಗಿ ಅಲ್ಲ, ದೊಡ್ಡ ಯಂತ್ರಕ್ಕೆ ಹಾಕುವ ಮುನ್ನ ಮಾದರಿಯನ್ನು ಶುದ್ಧಗೊಳಿಸುವ ಕಾರ್ಟ್ರಿಜ್ ಆಗಿ. ಸಂವೇದಕದ ದಾರಿಯಲ್ಲಿ ತೊಡಕುಗಳಿವೆ. ಎಷ್ಟು ತೊಳೆದರೂ ಅಚ್ಚಿನ ಮಾದರಿ ಅಣುಗಳು ಒಂದಿಷ್ಟು ಒಳಗೇ ಉಳಿದು ನಿಧಾನವಾಗಿ ಒಸರುವುದರಿಂದ ಇಲ್ಲದ ವಿಷವೂ ಇದೆಯೆಂದು ತೋರುತ್ತದೆ; ಇದನ್ನು ತಪ್ಪಿಸಲು ವಿಷದ ಬದಲು ಅದನ್ನೇ ಹೋಲುವ ಬೇರೆ ಅಣುವಿನಿಂದ ಅಚ್ಚು ತೆಗೆಯುವ ಪದ್ಧತಿ ಬಂದಿದೆ. ಸಡಿಲ ಸೆಳೆತಗಳನ್ನು ನೀರೇ ತಡೆಯುವುದು ಇನ್ನೊಂದು ತೊಡಕು. ಯೂರೋಪಿಯಂ ದಾರಿಗಂತೂ ಭತ್ತದ ಸೀಮೆಯಲ್ಲಿ ಬೇರೆಯೇ ಪರೀಕ್ಷೆ ಕಾದಿದೆ. ಈ ಲೋಹದ ಅಯಾನು ಫಾಸ್ಫೇಟನ್ನು ಗಟ್ಟಿಯಾಗಿ ಹಿಡಿಯುವ ಸ್ವಭಾವದ್ದು, ಡಿಎಪಿ ಗೊಬ್ಬರ ಎರಚಿದ ಗದ್ದೆಯ ನೀರಿನಲ್ಲಿ ಫಾಸ್ಫೇಟ್ ಇದ್ದೇ ಇರುತ್ತದೆ. ಆದ್ದರಿಂದ ಸಿರುಗುಪ್ಪಕ್ಕೆಂದು ಮಾಡುವ ಸಂವೇದಕ ಶುದ್ಧ ನೀರಿನಲ್ಲಿ ಎಷ್ಟು ಸೂಕ್ಷ್ಮವಾಗಿದ್ದರೂ ಮೊದಲು ಗೊಬ್ಬರವನ್ನು ವಿಷವೆಂದು ಎಣಿಸದಂತೆ ಕಲಿಯಬೇಕಾಗುತ್ತದೆ.