ಹಳೆಯ ಸ್ಮಾರ್ಟ್‌ಫೋನಿಗೂ ಸಲ್ಲುವ ಸರಕಿನ ವಿಡಿಯೋ

ಸ್ವಂತ ಜಾಲತಾಣದಲ್ಲಿ ಸರಕಿನ ವಿಡಿಯೋ ಪ್ರದರ್ಶಿಸುವ ವರ್ತಕರೂ ಸಣ್ಣ ಉತ್ಪಾದಕರೂ ಒಂದು ಸಂಗತಿಯನ್ನು ಗಮನಿಸುವುದು ಅಗತ್ಯ. ಹೊಸ ಫೋನಿನಲ್ಲಿ ಚಿತ್ರೀಕರಿಸಿದ ಕಡತವನ್ನು ಹಾಗೆಯೇ ಏರಿಸಿದರೆ, ಹಳೆಯ ಫೋನುಳ್ಳ ಗ್ರಾಹಕನಿಗೆ ಧ್ವನಿ ಮಾತ್ರ ಕೇಳಿಸಿ ಪರದೆ ಕಪ್ಪಾಗಿಯೇ ಉಳಿಯಬಹುದು. ಆತ ದೂರು ಹೇಳುವುದಿಲ್ಲ, ಬೇರೊಬ್ಬರಲ್ಲಿ ಖರೀದಿಸುತ್ತಾನೆ.

ಇದಕ್ಕೆ ಕಾರಣ ವಿಡಿಯೋವನ್ನು ಸಂಕುಚಿಸುವ ವಿಧಾನ, ಅಂದರೆ ಕೋಡೆಕ್. 2013ರಲ್ಲಿ ಬಂದ ಎಚ್.265 ಕಡತವನ್ನು ಬಹಳ ಚಿಕ್ಕದಾಗಿಸುತ್ತದೆ. 2017ರ ಐಒಎಸ್ 11ರಿಂದ ಐಫೋನುಗಳೂ ಇದನ್ನು ಬಳಸತೊಡಗಿದವು. ಆದರೆ ಅದನ್ನು ಬಿಡಿಸಿ ತೋರಿಸುವ ವ್ಯವಸ್ಥೆ ಅನೇಕ ಹಳೆಯ ಫೋನುಗಳ ಚಿಪ್‌ನಲ್ಲಿಲ್ಲ. 2003ರ ಎಚ್.264 ಬಹುತೇಕ ಎಲ್ಲೆಡೆ ನಡೆಯುತ್ತದೆ. ಅದರ ‘ಬೇಸ್‌ಲೈನ್’ ಪ್ರೊಫೈಲ್ ಅತ್ಯಂತ ಸರಳವಾದುದು. 2007ರ ಮೊದಲ ಐಫೋನ್ ಕೂಡ 640 × 480 ಅಳತೆಯವರೆಗೆ ಇದನ್ನು ತೋರಿಸುತ್ತಿತ್ತು.

ಆದುದರಿಂದ ಎಂಪಿ4 ಕಡತ, ಎಚ್.264 ಬೇಸ್‌ಲೈನ್ ಚಿತ್ರ, ಎಎಸಿ ಧ್ವನಿ, ಇವನ್ನು ಆರಿಸಿಕೊಳ್ಳುವುದು ಕ್ಷೇಮ. ಒಟ್ಟು ದರ ಸೆಕೆಂಡಿಗೆ 800 ಕಿಲೋಬಿಟ್ ಇದ್ದರೆ ಒಂದು ನಿಮಿಷದ ವಿಡಿಯೋ ಸುಮಾರು 6 ಎಂಬಿ ಆಗುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಈ ಆಯ್ಕೆಗಳಿವೆ. ಅದರ ‘ವೆಬ್ ಆಪ್ಟಿಮೈಸ್ಡ್’ ಆಯ್ಕೆಯು ಕಡತದ ಸೂಚಿಯನ್ನು ಆರಂಭಕ್ಕೆ ತರುತ್ತದೆ. ಪೂರ್ತಿ ಇಳಿಯುವ ಮುನ್ನವೇ ವಿಡಿಯೋ ಓಡತೊಡಗುತ್ತದೆ.

ಬೇಸ್‌ಲೈನ್‌ನಲ್ಲಿ ಅದೇ ಗಾತ್ರಕ್ಕೆ ಸ್ಪಷ್ಟತೆ ತುಸು ಕಡಿಮೆ. ಬಟ್ಟೆಯ ನೇಯ್ಗೆ, ಆಭರಣದ ಕುಸುರಿ ಮುಂತಾದ ಸೂಕ್ಷ್ಮಗಳನ್ನು ತೋರಿಸಬೇಕಾದವರು ಹೊಸ ಫೋನುಗಳಿಗಾಗಿ ಎರಡನೆಯ ಪ್ರತಿಯನ್ನೂ ಇರಿಸಬಹುದು. ಪ್ರಕಟಿಸುವ ಮುನ್ನ ಹಳೆಯ ಫೋನೊಂದರಲ್ಲಿ ಪರೀಕ್ಷಿಸುವುದಕ್ಕೆ ಖರ್ಚೇನೂ ಇಲ್ಲ. ಪರೀಕ್ಷಿಸದಿದ್ದರೆ ಆಗುವ ನಷ್ಟ ಲೆಕ್ಕದ ಪುಸ್ತಕದಲ್ಲಿ ಕಾಣಿಸದು.