ಹೆಸರು ಮೊದಲು ಬಂತು, ಬಾಟಲಿ ಆಮೇಲೆ

ಸವದತ್ತಿ, ಬೈಲಹೊಂಗಲ, ರಾಮದುರ್ಗ ಎಲ್ಲಿಯೇ ಆಗಲಿ, ಮದ್ಯದಂಗಡಿಗಳ ಬೋರ್ಡು ಓದುತ್ತಾ ಹೋದರೆ ದೇವರ ಹೆಸರು, ಊರ ಹೆಸರು, ಮಾಲೀಕರ ಮಗಳ ಹೆಸರು ಬದಲಾಗುತ್ತದೆ. ಅದರ ಪಕ್ಕದ ಪದ ಮಾತ್ರ ಬಹುಪಾಲು ಅದೇ: ‘ವೈನ್ಸ್’. ಒಳಗೆ ಗೋಡೆ ತುಂಬ ವಿಸ್ಕಿ, ರಮ್ಮು, ಬ್ರಾಂದಿ. ಒಮ್ಮೆ ಅಂಥ ಅಂಗಡಿಯೊಂದರಲ್ಲಿ ವೈನ್ ಇದೆಯೇ ಎಂದು ಕೇಳಿದೆ. ‘ವೈನ್ ಅಂದ್ರ ಯಾವ್ದ್ರೀ ಸರ್, ಕ್ವಾರ್ಟರ್ ಏನ್ ಹಾಫ್?’ ಎಂದ ಹುಡುಗ. ದ್ರಾಕ್ಷಿಯದ್ದು ಎಂದ ಮೇಲೆ ಸ್ಟೂಲು ಹತ್ತಿ ಮೇಲಿನ ಹಲಗೆಯಿಂದ ಒಂದು ಪೋರ್ಟ್ ವೈನ್ ಬಾಟಲಿ ಇಳಿಸಿ ಬಟ್ಟೆಯಿಂದ ಒರೆಸಿ ಕೊಟ್ಟ. ಬೆಳಗಾವಿ ಜಿಲ್ಲೆಗೆ ಗೋವಾ ನೆರೆಮನೆ. ಅಲ್ಲಿಂದ ಬರುವ ಈ ಸಿಹಿ, ಕಡುಗೆಂಪು ಪೋರ್ಟೇ ನಮ್ಮ ಕಡೆಯ ಬಹಳ ಜನರಿಗೆ ಮೊದಲ ವೈನು, ಎಷ್ಟೋ ಮಂದಿಗೆ ಕೊನೆಯದ್ದೂ ಹೌದು.

ವೈನ್ ಅಷ್ಟಾಗಿ ಮಾರದ ಅಂಗಡಿಗೆ ವೈನ್ ಎಂಬ ಹೆಸರು ಬಂದದ್ದು ದಂಡಿನ ಪ್ರದೇಶಗಳಿಂದ ಎಂದು ನನಗೆ ತೋರುತ್ತದೆ. 1818ರಲ್ಲಿ ಬೆಳಗಾವಿ ಕೋಟೆ ಇಂಗ್ಲಿಷರ ಕೈಸೇರಿತು, ಕ್ಯಾಂಪ್ ಬೆಳೆಯಿತು. ದೊರೆಗಳಿಗೆ ಸಾಮಾನು ಒದಗಿಸುವ ವರ್ತಕರು ತಮ್ಮನ್ನು ‘ವೈನ್ ಆ್ಯಂಡ್ ಸ್ಪಿರಿಟ್ ಮರ್ಚೆಂಟ್ಸ್’ ಎಂದು ಕರೆದುಕೊಳ್ಳುತ್ತಿದ್ದರು. ದೊರೆಗಳು ಹೋದರು; ಬೋರ್ಡಿನಿಂದ ಸ್ಪಿರಿಟ್ಟೂ ಹೋಯಿತು, ಅಂಗಡಿಯೊಳಗೆ ಮಾತ್ರ ಅದೇ ಉಳಿಯಿತು.

ಹಾಗೆಂದು ದ್ರಾಕ್ಷಿಯ ಮದ್ಯ ಇಂಗ್ಲಿಷರೊಂದಿಗೆ ಬಂದ ಸಂಗತಿಯಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣದಲ್ಲಿ ‘ಮಧು’ ಎಂದರೆ ದ್ರಾಕ್ಷಿಯ ರಸದಿಂದ ಆದದ್ದು ಎಂಬ ವಿವರಣೆಯಿದೆ. ಅದು ಹುಟ್ಟಿದ ನಾಡಿನಿಂದಲೇ ಅದಕ್ಕೆ ಕಾಪಿಶಾಯನ, ಹಾರಹೂರಕ ಎಂಬ ಹೆಸರುಗಳು. ಕಾಪಿಶ ಇಂದಿನ ಅಫ್ಗಾನಿಸ್ತಾನದಲ್ಲಿದೆ. ಮದ್ಯವನ್ನು ಅದರ ಊರಿನ ಹೆಸರಿನಿಂದ ಗುರುತಿಸುವ ಪದ್ಧತಿ ಫ್ರಾನ್ಸಿನದ್ದೆಂದು ನಾವು ತಿಳಿದಿದ್ದೇವೆ. ನಮ್ಮಲ್ಲೂ ಅದು ಇತ್ತು. ಕಾವ್ಯದಲ್ಲೂ ಮದ್ಯಕ್ಕೆ ಜಾಗವಿತ್ತು; ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಮಧುಪಾನವೂ ಒಂದು. ಮದ್ಯ, ಮಾಂಸ, ಜೇನನ್ನು ತ್ಯಜಿಸಬೇಕಾದ ಜೈನಧರ್ಮದ ಪಂಪ ಕೂಡ ‘ವಿಕ್ರಮಾರ್ಜುನ ವಿಜಯ’ದಲ್ಲಿ ಅದನ್ನು ಬಿಟ್ಟಿಲ್ಲ.

ಇನ್ನೊಂದು ರೂಪದಲ್ಲಿ ಹುದುಗಿದ ದ್ರಾಕ್ಷಿ ನಮ್ಮ ಮನೆಗಳನ್ನು ಬಿಟ್ಟುಹೋಗಿಯೇ ಇಲ್ಲ. ಅಜ್ಜಿಯರ ಗೂಡಿನಲ್ಲಿ ಇರುತ್ತಿದ್ದ ದ್ರಾಕ್ಷಾರಿಷ್ಟವನ್ನು ನೆನೆಯಿರಿ. ಒಣದ್ರಾಕ್ಷಿಯ ಕಷಾಯಕ್ಕೆ ಬೆಲ್ಲ ಹಾಕಿ, ಧಾತಕಿ ಹೂ ಬೆರೆಸಿ, ಪಾತ್ರೆಯ ಬಾಯಿ ಕಟ್ಟಿ ವಾರಗಟ್ಟಲೆ ಇಟ್ಟರೆ ತಾನಾಗಿಯೇ ಆಲ್ಕೋಹಾಲ್ ಹುಟ್ಟುತ್ತದೆ. ಊಟವಾದ ಮೇಲೆ ಎರಡು ಚಮಚ ಕುಡಿದು ಬಾಯಿ ಒರೆಸಿಕೊಂಡ ಯಾರೂ ಅದನ್ನು ಮದ್ಯ ಎನ್ನಲಿಲ್ಲ.

ಕರ್ನಾಟಕದ ವೈನಿನ ಹೊಸ ಕಥೆ ಶುರುವಾಗುವುದು ನಂದಿಬೆಟ್ಟದ ಬುಡದಲ್ಲಿ. ಯಂತ್ರಗಳ ವ್ಯಾಪಾರಕ್ಕೆಂದು ಫ್ರಾನ್ಸಿಗೆ ಹೋಗಿಬರುತ್ತಿದ್ದ ಉದ್ಯಮಿ ಕಂವಲ್ ಗ್ರೋವರ್ ಅಲ್ಲಿನ ವೈನಿಗೆ ಮನಸೋತರು. ಶಾಂಪೇನ್ ಪ್ರಾಂತದ ಬಳ್ಳಿ ತಜ್ಞ ಜಾರ್ಜ್ ವೆಸೆಲ್ ಅವರನ್ನು ಕರೆತಂದು ವರ್ಷಗಟ್ಟಲೆ ಪ್ರಯೋಗ ಮಾಡಿಸಿ, 1988ರಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ತೋಟ ಎಬ್ಬಿಸಿದರು. ಬೆಂಗಳೂರು ಬ್ಲೂ ದ್ರಾಕ್ಷಿಯ ಸೀಮೆ ಅದು. ಆ ಹಣ್ಣಿನ ಗಾಢ ಕಂಪು ಜ್ಯೂಸಿಗೆ ಸೊಗಸು, ವೈನಿಗೆ ಅಷ್ಟು ಒಗ್ಗದು. ಅವರು ಊರಿದ್ದು ಕ್ಯಾಬರ್ನೆ ಸೊವಿನ್ಯೋನ್, ಶಿರಾಜ್ ಮುಂತಾದ ಫ್ರೆಂಚ್ ತಳಿಗಳನ್ನು. 1992ರಲ್ಲಿ ಮೊದಲ ವೈನ್ ಹೊರಬಂತು. ಆಮೇಲೆ ಬೋರ್ಡೋದ ಹೆಸರಾಂತ ಸಲಹೆಗಾರ ಮಿಶೆಲ್ ರೋಲಾನ್ ಕೈಜೋಡಿಸಿದರು. ‘ಲಾ ರಿಸರ್ವ್’ ಎಂಬ ಗ್ರೋವರ್ ಅವರ ಕೆಂಪು ವೈನು ದೊಡ್ಡ ಹೋಟೆಲುಗಳ ಪಟ್ಟಿಗೆ ಏರಿತು.

ನೆರೆಯ ಮಹಾರಾಷ್ಟ್ರ 2001ರಲ್ಲಿಯೇ ವೈನ್ ನೀತಿ ತಂದಿತ್ತು, ನಾಸಿಕದ ಹೆಸರು ದೇಶಕ್ಕೆಲ್ಲ ಹಬ್ಬಿತ್ತು. ಕರ್ನಾಟಕ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂದದ್ದು 2007ರಲ್ಲಿ. ಅದರ ಬೆನ್ನಿಗೇ ದ್ರಾಕ್ಷಾರಸ ಮಂಡಳಿ. ನಂದಿ ಕಣಿವೆಯ ಜೊತೆಗೆ ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಕೃಷ್ಣಾ ಕಣಿವೆಯನ್ನೂ ವೈನ್ ಸೀಮೆಯೆಂದು ನೀತಿ ಗುರುತಿಸಿತು. ಅದೇ ವರ್ಷ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಈ ಎರಡೂ ಒಂದೇ ವರ್ಷದವು ಎಂಬುದನ್ನು ನಾವು ಸಾಕಷ್ಟು ಗಮನಿಸಿಲ್ಲ. ಪಾಕೀಟು ಸಾರಾಯಿ ಬಿಟ್ಟವರು ಅಗ್ಗದ ವಿಸ್ಕಿಗೆ ಸರಿದರು, ‘ವೈನ್ಸ್’ ಅಂಗಡಿಗಳ ಮುಂದೆ ಸಾಲು ಬೆಳೆಯಿತು. ರೈತನ ಹಣ್ಣಿನಿಂದ ಆಗುವ, ಹದಿಮೂರು ಪರ್ಸೆಂಟಿನ ಆಸುಪಾಸು ಆಲ್ಕೋಹಾಲಿನ ಪಾನೀಯ ಆ ಅಂಗಡಿಯ ಮೇಲಿನ ಹಲಗೆಯಲ್ಲೇ ಉಳಿಯಿತು. ಮಂಡಳಿಯ ದ್ರಾಕ್ಷಾರಸ ಉತ್ಸವಗಳು ಬೆಳಗಾವಿವರೆಗೂ ಬಂದಿವೆ. ತಾಲ್ಲೂಕು ಊರುಗಳಿಗೆ ಇಳಿದಿಲ್ಲ.

ಬೆಲೆಯ ಮಾತಿಗೆ ಬರೋಣ, ಜನ ಹಿಂಜರಿಯುವುದು ಅಲ್ಲಿಯೇ. ವಿದೇಶಿ ವೈನಿನ ಮೇಲೆ ಭಾರತ ವರ್ಷಗಟ್ಟಲೆ ಹಾಕುತ್ತ ಬಂದ ಆಮದು ಸುಂಕ 150 ಪರ್ಸೆಂಟ್. ಬಂದರಿಗೆ 1,000 ರೂಪಾಯಿಗೆ ಬಂದ ಬಾಟಲಿ ಹೊರಗೆ ಹೆಜ್ಜೆಯಿಡುವಾಗಲೇ 2,500. ಅದರ ಮೇಲೆ ರಾಜ್ಯದ ತೆರಿಗೆ, ವಿತರಕರ ಪಾಲು. ಹೋಟೆಲು ಅದನ್ನು ದುಪ್ಪಟ್ಟು ಮಾಡಿದರೂ ಪಟ್ಟಿಯಲ್ಲಿ 5,000 ದಾಟುತ್ತದೆ. 2022ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಆಸ್ಟ್ರೇಲಿಯಾ ಒಪ್ಪಂದದಿಂದ ಅಲ್ಲಿನ ದುಬಾರಿ ಬಾಟಲಿಗಳ ಸುಂಕ ಹಂತಹಂತವಾಗಿ ಇಳಿಯುತ್ತಿದೆ. ಹೋಟೆಲಿನ ವೈನ್ ಪಟ್ಟಿಯನ್ನು ಓದುವ ಬಗೆ ಕಷ್ಟದ್ದೇನಲ್ಲ: ದ್ರಾಕ್ಷಿಯ ತಳಿ, ಬೆಳೆದ ಸೀಮೆ, ಹಣ್ಣು ಕೊಯ್ದ ವರ್ಷ. 750 ಮಿಲಿಲೀಟರಿನ ಬಾಟಲಿಯಲ್ಲಿ 150ರ ಲೆಕ್ಕದಲ್ಲಿ ಐದು ಗ್ಲಾಸು. ಒಂದು ಗ್ಲಾಸಿನ ಬೆಲೆಯನ್ನು ಐದರಿಂದ ಗುಣಿಸಿ ನೋಡಿದರೆ ಬಾಟಲಿ ತರಿಸುವುದು ಲಾಭವೋ ಅಲ್ಲವೋ ಗೊತ್ತಾಗುತ್ತದೆ. ಪಟ್ಟಿಯಲ್ಲಿ ಅತಿ ದುಬಾರಿಯದ್ದೇ ಶ್ರೇಷ್ಠ ಎಂಬ ಭ್ರಮೆ ನನಗಂತೂ ಇಲ್ಲ. ಶೇಂಗಾ ಹಿಂಡಿ, ಎಣ್ಣೆಗಾಯಿ, ಕೆಂಪು ಖಾರದ ಊಟಕ್ಕೆ ಒಗರು ಹೆಚ್ಚಿರುವ, ಆಲ್ಕೋಹಾಲ್ ಹೆಚ್ಚಿರುವ ಕೆಂಪು ವೈನು ಖಾರವನ್ನು ಇನ್ನಷ್ಟು ಉರಿಸುತ್ತದೆ. ತುಸು ಸಿಹಿಯ, ತಣ್ಣಗಿನ ಶೆನಿನ್ ಬ್ಲಾಂಕ್ ಅದನ್ನು ಸಮಾಧಾನ ಮಾಡುತ್ತದೆ. ಅದು ಪಟ್ಟಿಯ ಕೆಳಸಾಲಿನಲ್ಲಿ, ಕಡಿಮೆ ಬೆಲೆಗೆ ಸಿಗುತ್ತದೆ.

ಈಚೆಗೆ ಇಂಥ ಪಟ್ಟಿಗಳಲ್ಲಿ ಇನ್ನೊಂದು ಹೆಸರು ಕಾಣುತ್ತದೆ: ‘ಹಂಪಿ ಹಿಲ್ಸ್’. ಸವದತ್ತಿಯಿಂದ ಮೂಡಣಕ್ಕೆ, ರಾಮದುರ್ಗ, ಬಾದಾಮಿ ದಾಟಿ ಹೋದರೆ ಕೊಪ್ಪಳ ಜಿಲ್ಲೆಯ ಗುಡ್ಡಸಾಲು ಸಿಗುತ್ತದೆ. ಅಲ್ಲಿ ಹೈದರಾಬಾದಿನ ಉದ್ಯಮಿ ಕೃಷ್ಣಪ್ರಸಾದ್ ಚಿಗುರುಪಾಟಿ ಮತ್ತು ಅವರ ಪತ್ನಿ ಉಮಾ ಕಟ್ಟಿದ ಕೃಷ್ಮಾ ತೋಟವಿದೆ. ಜೋಳ, ಸಜ್ಜೆಯ ಬಿಸಿಲುಸೀಮೆಯ ಹೆಸರು ಬೋರ್ಡೋ ಬಾಟಲಿಯ ಪಕ್ಕದ ಸಾಲಿನಲ್ಲಿ ಅಚ್ಚಾಗಿರುವುದನ್ನು ಮೊದಲು ಕಂಡಾಗ ನನಗೆ ಕಾಪಿಶಾಯನ ನೆನಪಾಯಿತು.

ಆದರೆ ನಮ್ಮ ರೈತರಿಗೆ ವೈನ್ ದ್ರಾಕ್ಷಿಯ ಬೆಳೆ ಸುಲಭವಲ್ಲ. ಕಾರಣ ಹಣದ್ದಷ್ಟೇ ಅಲ್ಲ, ಕೈಯ ಅಭ್ಯಾಸದ್ದು. ಬೆಳಗಾವಿ ಜಿಲ್ಲೆಯ ದ್ರಾಕ್ಷಿ ಇರುವುದು ಹೆಚ್ಚಾಗಿ ಅಥಣಿ ಕಡೆಗೆ. ಥಾಮ್ಸನ್ ಸೀಡ್‌ಲೆಸ್, ಸೋನಾಕ, ಮಾಣಿಕ್ ಚಮನ್. ಅಲ್ಲಿನ ತೆಲಸಂಗದ ದ್ರಾಕ್ಷಿ ಪಡಗಳಲ್ಲಿ ಏಪ್ರಿಲಿಗೊಂದು, ಅಕ್ಟೋಬರಿಗೊಂದು ಚಾಟ್ನಿ, ಎಂದರೆ ಬಳ್ಳಿ ಕತ್ತರಿಸುವ ಕೆಲಸ. ಫ್ರಾನ್ಸಿನಲ್ಲಿ ಚಳಿಗಾಲ ಬಳ್ಳಿಯನ್ನು ಮಲಗಿಸುತ್ತದೆ. ಇಲ್ಲಿ ಬಳ್ಳಿ ಮಲಗುವುದೇ ಇಲ್ಲ, ಕತ್ತರಿಯೇ ಅದಕ್ಕೆ ಋತು. ಇಷ್ಟರವರೆಗೆ ವೈನ್ ದ್ರಾಕ್ಷಿಗೂ ತಿನ್ನುವ ದ್ರಾಕ್ಷಿಗೂ ದಾರಿ ಒಂದೇ. ಆಮೇಲೆ ಕವಲೊಡೆಯುತ್ತದೆ. ತಿನ್ನುವ ಹಣ್ಣಿಗೆ ಗಾತ್ರವೇ ಬೆಲೆ. ಗೊನೆಗಳನ್ನು ಗಿಬ್ಬೆರೆಲಿಕ್ ಆಮ್ಲದ (ಜಿಎ) ದ್ರಾವಣದಲ್ಲಿ ಅದ್ದಿ ಕಾಯಿ ಉಬ್ಬಿಸುತ್ತಾರೆ. ವೈನಿಗೆ ಬೇಕಾದದ್ದು ಸಣ್ಣ ಕಾಯಿ, ದಪ್ಪ ಸಿಪ್ಪೆ. ಬಣ್ಣ, ಒಗರು ಎರಡೂ ಇರುವುದು ಸಿಪ್ಪೆಯಲ್ಲಿ. ಇಳುವರಿಯನ್ನು ಬೇಕೆಂದೇ ತಗ್ಗಿಸಬೇಕು, ಗೊನೆ ಕಡಿದು ಚೆಲ್ಲಬೇಕು.

ಈ ಮಾತನ್ನು ತೆಲಸಂಗದ ಬೆಳೆಗಾರರೊಬ್ಬರಿಗೆ ಹೇಳಿದಾಗ ಅವರು ಒಣದ್ರಾಕ್ಷಿ ಶೆಡ್ಡಿನ ನೆರಳಿನಲ್ಲಿ ಕೂತಿದ್ದರು. ಭಾರತ ಹುಣ್ಣಿಮೆ ಮುಗಿದಿತ್ತು. ಎಲ್ಲಮ್ಮನ ಗುಡ್ಡಕ್ಕೆ ಹೋಗಿಬಂದ ಭಂಡಾರ ಹಣೆಯಲ್ಲಿ ಇನ್ನೂ ಇತ್ತು.

‘ನಾವು ಕಾಯಿ ದಪ್ಪ ಆಗ್ಲಿ ಅಂತ ಸಾಯ್ತೀವ್ರೀ, ಅವ್ರು ಸಣ್ಣದಿರ್ಲಿ ಅಂತಾರ?’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಒಂದ್ ಬಾಟ್ಲಿಗೆ ಎಷ್ಟ್ ಹಣ್ಣ್ ಬೇಕ್ರೀ?’

ಕಿಲೋಗಿಂತ ತುಸು ಹೆಚ್ಚು ಎಂದೆ.

ನಾಲ್ಕು ಕಿಲೋ ಹಸಿ ಹಣ್ಣು ಒಣಗಿದರೆ ಒಂದು ಕಿಲೋ ಒಣದ್ರಾಕ್ಷಿ. ಆ ಲೆಕ್ಕ ಅವರಿಗೆ ಬಾಯಿಪಾಠ. ಬೆರಳು ಮಡಿಸುತ್ತ ಈ ಹೊಸ ಲೆಕ್ಕವನ್ನು ಅದರ ಪಕ್ಕಕ್ಕಿಟ್ಟು ತೂಗಿದರು. ಹೋಟೆಲಿನಲ್ಲಿ ಅದರ ರೇಟೆಷ್ಟು ಎಂದು ಕೇಳಿದರು, ಹೇಳಿದೆ. ಅಚ್ಚರಿಪಡಲಿಲ್ಲ, ಮಾತೂ ಆಡಲಿಲ್ಲ. ಎದ್ದು ಪಡದೊಳಕ್ಕೆ ಹೋಗಿ, ಒಂದು ಬಳ್ಳಿಯ ಬುಡದಲ್ಲಿ ಡಾಗ್‌ರಿಡ್ಜ್ ಬೇರಿಗೆ ಕಸಿ ಕಟ್ಟಿದ ಗಂಟನ್ನು ಹೆಬ್ಬೆರಳಿನಿಂದ ಸವರಿದರು.

‘ಆ ಕಡ್ಡಿ ಇದರ ಮ್ಯಾಲ ಕೂಡತೈತೇನ್ರೀ?’

ಕೂಡುತ್ತದೆ ಎಂದೆ.

‘ಹಂಗಾದ್ರ ಎಲ್ಲಿ ಸಿಗತಾವ, ಒಂದ್ ಸಾಲಿಗಾಗೋವಷ್ಟು?’