ಒರಟು ಚಿನ್ನ, ಮಿನುಗುವ ಕಲ್ಲು: ಬ್ಯೋರ್ನ್ ವೆಕ್‌ಸ್ಟ್ರೋಮ್ ಅವರ ಆಭರಣ ಕಲೆ

ಇಪ್ಪತ್ತನೆಯ ಶತಮಾನದಲ್ಲಿ ಒಂದು ನಾಡಿನ ಭೂದೃಶ್ಯವನ್ನೇ ಲೋಹಕ್ಕೆ ಇಳಿಸಿದ ಯುರೋಪಿನ ಆಭರಣ ವಿನ್ಯಾಸಕಾರರಲ್ಲಿ ಫಿನ್‌ಲ್ಯಾಂಡಿನ ಬ್ಯೋರ್ನ್ ವೆಕ್‌ಸ್ಟ್ರೋಮ್ ಅವರದು ಮುಂಚೂಣಿಯ ಹೆಸರು. 1935ರಲ್ಲಿ ಹೆಲ್ಸಿಂಕಿಯಲ್ಲಿ ಜನಿಸಿ, ಅದೇ ನಗರದ ಅಕ್ಕಸಾಲಿ ಶಾಲೆಯಲ್ಲಿ 1956ರಲ್ಲಿ ವಿದ್ಯಾಭ್ಯಾಸ ಮುಗಿಸಿದ ಅವರಿಗೆ ಒಲವು ಇದ್ದದ್ದು ಶಿಲ್ಪದತ್ತ. ಆ ಒಲವನ್ನು ಬಿಟ್ಟುಕೊಡದೆ ಉಂಗುರ, ಪದಕ, ಕಂಠಹಾರಗಳನ್ನೂ ಧರಿಸಬಲ್ಲ ಚಿಕ್ಕ ಶಿಲ್ಪಗಳೆಂದೇ ಅವರು ಭಾವಿಸಿದ್ದರಿಂದ ಫಿನ್‌ಲ್ಯಾಂಡಿನ ಆಭರಣ ಕಲೆಯ ದಿಕ್ಕು ಬದಲಾಯಿತು.

ಅವರು ವೃತ್ತಿಗೆ ಬಂದ ಕಾಲದಲ್ಲಿ ನಾರ್ಡಿಕ್ ದೇಶಗಳ ವಿನ್ಯಾಸ ಲೋಕವನ್ನು ಆಳುತ್ತಿದ್ದುದು ಉಪಯುಕ್ತತಾವಾದ, ಅಂದರೆ ವಸ್ತುವಿನ ಬಳಕೆಗೆ ಬೇಡದ ಅಲಂಕಾರವನ್ನೆಲ್ಲ ಕಳೆದು ಸರಳ ರೇಖೆ, ನುಣುಪಾದ ಮೈ, ಜ್ಯಾಮಿತೀಯ ಆಕಾರಗಳಲ್ಲಿ ಸೊಗಸನ್ನು ಕಾಣುವ ದೃಷ್ಟಿ. ಕುರ್ಚಿಗೂ ಗಾಜಿನ ಲೋಟಕ್ಕೂ ಚೆನ್ನಾಗಿ ಒಗ್ಗಿದ ಈ ದೃಷ್ಟಿ ಚಿನ್ನದ ವಿಷಯದಲ್ಲಿ ಲೋಹದ ಜೀವವನ್ನೇ ಒರೆಸಿ ಹಾಕುತ್ತಿತ್ತು. ಅದಕ್ಕೂ ಮೊದಲು, ಫಿನ್ನಿಷ್ ಜನರ ‘ಕಲೇವಾಲ’ ಮಹಾಕಾವ್ಯದ ಪ್ರಕಟಣೆಯ ಶತಮಾನೋತ್ಸವ ನಡೆದ 1935ರ ಸುಮಾರಿನಲ್ಲಿ, ಲೇಖಕಿ ಎಲ್ಸಾ ಹೆಪೊರೌಟಾ ಅವರ ಮುಂದಾಳುತನದಲ್ಲಿ ಕಬ್ಬಿಣಯುಗದ ಗೋರಿಗಳಲ್ಲಿ ದೊರೆತ ಒಡವೆಗಳ ಮಾದರಿಯನ್ನು ಮತ್ತೆ ತಯಾರಿಸುವ ಯತ್ನ ಆರಂಭವಾಗಿ, ಮುಂದೆ ಅದು ಕಲೇವಾಲ ಕೋರು ಎಂಬ ಸಂಸ್ಥೆಯಾಗಿ ಬೆಳೆದಿತ್ತು. ಹೀಗೆ ಒಂದು ದಾರಿ ಇತಿಹಾಸದತ್ತ, ಇನ್ನೊಂದು ದಾರಿ ಜ್ಯಾಮಿತಿಯತ್ತ ಸಾಗಿದ್ದಾಗ ವೆಕ್‌ಸ್ಟ್ರೋಮ್ ಅವರು ಮೂರನೆಯ ದಾರಿಯಾಗಿ ನೆಲದತ್ತಲೇ ಹೊರಳಿದರು.

ಆ ನೆಲವೇ ಆರ್ಕ್ಟಿಕ್ ವೃತ್ತದ ಆಸುಪಾಸಿನಿಂದ ಉತ್ತರಕ್ಕೆ ಹಬ್ಬಿರುವ ಲ್ಯಾಪ್‌ಲ್ಯಾಂಡ್. ಅಲ್ಲಿನ ಬೆಟ್ಟಗಳಿಗೆ ಮೊನಚಾದ ಶಿಖರಗಳಿಲ್ಲ. ಹಿಮಯುಗಗಳ ಮಂಜುಗಡ್ಡೆಯ ಹೊದಿಕೆ ಉಜ್ಜಿ ದುಂಡಗೆ ಮಾಡಿದ, ನೆತ್ತಿಯಲ್ಲಿ ಮರಗಳಿಲ್ಲದ ಈ ಬೋಳು ಗುಡ್ಡಗಳನ್ನು ಫಿನ್ನಿಷ್ ಜನ ‘ತುಂತುರಿ’ ಎನ್ನುತ್ತಾರೆ. ಸತ್ತ ಮೇಲೂ ಚಳಿಯಲ್ಲಿ ಕೊಳೆಯದೆ, ತೊಗಟೆ ಕಳಚಿ, ಬೂದುಬೆಳ್ಳಿಯ ಬಣ್ಣಕ್ಕೆ ತಿರುಗಿ ದೀರ್ಘಕಾಲ ನಿಂತಿರುವ ಪೈನ್ ಮರಗಳು, ಗಾಳಿ ಕೊರೆದ ಹಿಮದ ಅಲೆಗಳು, ಕರಗುವ ಮಂಜುಗಡ್ಡೆಯ ಮುರುಕು ಅಂಚುಗಳು ಅಲ್ಲಿಯ ನಿತ್ಯದ ನೋಟಗಳಾಗಿದ್ದು, ವೆಕ್‌ಸ್ಟ್ರೋಮ್ ಅವರ ಒಡವೆಗಳ ಮೇಲ್ಮೈಯನ್ನು ಗಮನಿಸಿದವರಿಗೆ ಈ ಸವೆತ, ಸೀಳು, ಗೆರೆಗಳ ಗುರುತು ಕೂಡಲೇ ಸಿಗುತ್ತದೆ.

ಇನ್ನೊಂದು ಪ್ರೇರಣೆ ಲ್ಯಾಪ್‌ಲ್ಯಾಂಡಿನ ಚಿನ್ನ. 1868ರಲ್ಲಿ ಇವಾಲೊ ನದಿಯ ದಡದಲ್ಲಿ ಸರ್ಕಾರಿ ಶೋಧ ತಂಡಕ್ಕೆ ಚಿನ್ನ ಸಿಕ್ಕ ಮೇಲೆ ಅಲ್ಲಿಗೆ ಜನ ಮುಗಿಬಿದ್ದರು. 1945ರಲ್ಲಿ ಲೆಮ್ಮೆನ್ ನದಿಯ ಸೀಮೆಯಲ್ಲೂ ಚಿನ್ನ ಪತ್ತೆಯಾಯಿತು. ಇದು ನದಿಯ ಮರಳು ಮತ್ತು ಜಲ್ಲಿಯನ್ನು ಬಾಣಲೆಯಂಥ ತಟ್ಟೆಯಲ್ಲಿ ಜಾಲಿಸಿ ತೆಗೆಯುವ ಚಿನ್ನವಾದ್ದರಿಂದ ಕಾಳು, ತುಣುಕುಗಳ ರೂಪದಲ್ಲಿ ದೊರೆಯುತ್ತದೆ. ಕಲ್ಲುಗಳ ನಡುವೆ ಉರುಳಿ ಅಂಚು ಸವೆದ ಅದರ ಮೈಯಲ್ಲಿ ಕುಳಿಗಳೂ ಉಬ್ಬುಗಳೂ ಉಳಿದು, ಹೊಳಪಿಗಿಂತ ಮಂದವಾದ, ಬೆಚ್ಚನೆಯ ಹಳದಿ ಎದ್ದು ಕಾಣುತ್ತದೆ. ಅಕ್ಕಸಾಲಿಗರು ಸಾಮಾನ್ಯವಾಗಿ ಮಾಡುವಂತೆ ಇದನ್ನು ಅರದಿಂದ ಉಜ್ಜಿ ಮೆರುಗು ಕೊಡುವ ಬದಲು, ಈ ಒರಟುತನವೇ ಚಿನ್ನದ ನಿಜವಾದ ಮುಖವೆಂದು ವೆಕ್‌ಸ್ಟ್ರೋಮ್ ಅವರು ನಿರ್ಧರಿಸಿದ್ದು ಅವರ ಕಲಾಜೀವನದ ಅತ್ಯಂತ ಮುಖ್ಯ ನಿರ್ಧಾರ. 1960ರ ದಶಕದ ಮೊದಲರ್ಧದಲ್ಲಿ ಅವರು ಪೆಕ್ಕಾ ಆಂಟಿಲಾ ಎಂಬ ಉದ್ಯಮಿಯ ಆಭರಣ ಸಂಸ್ಥೆಗಾಗಿ ರೂಪಿಸಿದ ಇಂಥ ಮಂದ ಚಿನ್ನದ ಒಡವೆಗಳು ಲ್ಯಾಪ್‌ಲ್ಯಾಂಡಿನ ಲ್ಯಾಟಿನ್ ಹೆಸರಾದ ಲ್ಯಾಪೊನಿಯಾ ಎಂಬ ಹೆಸರಿನಲ್ಲಿ ಪ್ರಸಿದ್ಧವಾದವು, ಮುಂದೆ ಸಂಸ್ಥೆಗೂ ಅದೇ ಹೆಸರು ನಿಂತಿತು.

ಇಂಥ ಮೈಯನ್ನು ಸುತ್ತಿಗೆಯಿಂದ ತಟ್ಟಿ ಪಡೆಯುವುದು ಕಷ್ಟ. ಅದಕ್ಕೆ ಒದಗುವುದು ಮೇಣದ ಎರಕ. ಮೊದಲು ಮೇಣದಲ್ಲಿ ಒಡವೆಯ ಆಕೃತಿಯನ್ನು ಬೆರಳು ಮತ್ತು ಬಿಸಿ ಮಾಡಿದ ಉಪಕರಣಗಳಿಂದ ತಿದ್ದಿ, ಅದರ ಸುತ್ತ ಶಾಖ ತಡೆಯುವ ಗಾರೆಯ ಅಚ್ಚು ಕಟ್ಟಿ, ಕುಲುಮೆಯಲ್ಲಿ ಕಾಯಿಸಿದಾಗ ಮೇಣ ಕರಗಿ ಹರಿದುಹೋಗಿ ಒಳಗೆ ಆಕೃತಿಯಷ್ಟೇ ಟೊಳ್ಳು ಉಳಿಯುತ್ತದೆ. ಆ ಟೊಳ್ಳಿಗೆ ಮೂಸೆಯಲ್ಲಿ ಕರಗಿಸಿದ ಲೋಹವನ್ನು ಸುರಿದರೆ ಮೇಣದ ಮೇಲಿದ್ದ ಉಗುರು ಗೀರಿದ ಗುರುತು ಕೂಡ ಚಿನ್ನದಲ್ಲಿ ಮೂಡುತ್ತದೆ. ಈ ವಿಧಾನ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮೇಣದ ಅಚ್ಚಿನಿಂದ ವಿಗ್ರಹ ಎರೆಯುವ ಕ್ರಮದ ವಿವರ ಇದೆ; ಆದರೆ ಇಲ್ಲಿಯ ಶಿಲ್ಪಿಗಳು ಎರಕದ ನಂತರ ಮೈಯನ್ನು ತಿದ್ದಿ ನಯಗೊಳಿಸುವುದನ್ನು ಕೌಶಲದ ಕೊನೆಯ ಹಂತವೆಂದು ಎಣಿಸಿದರೆ, ವೆಕ್‌ಸ್ಟ್ರೋಮ್ ಅವರು ಒರಟುತನ ಉಳಿಯುವಂತೆ ಮೊದಲೇ ಮೇಣದಲ್ಲಿ ಯೋಜಿಸುತ್ತಿದ್ದರು. ಅಜಾಗರೂಕತೆಯ ಒರಟುತನಕ್ಕೂ ಯೋಜಿಸಿದ ಒರಟುತನಕ್ಕೂ ಇರುವ ಅಂತರವನ್ನು ಅರಿಯದವರಿಗೆ ಈ ಒಡವೆಗಳು ಅರೆಬರೆ ಕೆಲಸದಂತೆ ತೋರಿದರೆ ಆಶ್ಚರ್ಯವಿಲ್ಲ.

ಹರಳುಗಳ ವಿಷಯದಲ್ಲೂ ಅವರು ಹಿಡಿದದ್ದು ಇದೇ ದಾರಿ. ವಜ್ರದಂತೆ ಮುಖಗಳನ್ನು ಕತ್ತರಿಸಿ ಸಜ್ಜುಗೊಳಿಸಿದ ರತ್ನಗಳಿಗಿಂತ ಟೂರ್ಮಲಿನ್‌ನಂಥ ಬಣ್ಣದ ಹರಳುಗಳನ್ನು ಅವು ಗಣಿಯಿಂದ ಬಂದ ಕಡ್ಡಿಯಂಥ ಸಹಜ ರೂಪದಲ್ಲಿ ಕೂರಿಸುವುದು ಅವರಿಗೆ ಪ್ರಿಯವಾಗಿತ್ತು. ‘ಹೂಬಿಟ್ಟ ಗೋಡೆ’ ಎಂಬ ಅರ್ಥದ ಹೆಸರುಳ್ಳ, ಚಿನ್ನ ಮತ್ತು ಟೂರ್ಮಲಿನ್‌ಗಳ ಅವರ ಕಂಠಹಾರಕ್ಕೆ 1965ರಲ್ಲಿ ರಿಯೊ ಡಿ ಜನೈರೊದ ಅಂತರರಾಷ್ಟ್ರೀಯ ಆಭರಣ ಸ್ಪರ್ಧೆಯ ಅತ್ಯುನ್ನತ ಪ್ರಶಸ್ತಿ ದೊರೆತಾಗ ಫಿನ್‌ಲ್ಯಾಂಡಿನ ಆಭರಣ ಕಲೆಯತ್ತ ಜಗತ್ತಿನ ಗಮನ ತಿರುಗಿತು. ನಾರ್ಡಿಕ್ ವಿನ್ಯಾಸಕಾರರಿಗೆ ಮೀಸಲಾಗಿದ್ದ ಲುನಿಂಗ್ ಪ್ರಶಸ್ತಿಯೂ 1968ರಲ್ಲಿ ಅವರಿಗೆ ಸಂದಿತು.

ಫಿನ್‌ಲ್ಯಾಂಡಿನ ಅಕ್ಕಸಾಲಿಗರಿಗೆ ಆ ನೆಲವೇ ಕೊಟ್ಟ ಅಪೂರ್ವ ಕಲ್ಲೆಂದರೆ ಸ್ಪೆಕ್ಟ್ರೊಲೈಟ್. ಕಲ್ಲಿನ ಸಹಜ ಸ್ವಭಾವಕ್ಕೆ ಮಣಿದೇ ಒಡವೆ ಮಾಡಬೇಕೆಂಬುದಕ್ಕೆ ಅದು ಒಳ್ಳೆಯ ಉದಾಹರಣೆಯಾದ್ದರಿಂದ ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ. ಇದು ಲ್ಯಾಪ್‌ಲ್ಯಾಂಡಿನದಲ್ಲ, ದೇಶದ ಆಗ್ನೇಯ ಮೂಲೆಯಲ್ಲಿ ರಷ್ಯಾದ ಗಡಿಗೆ ಹತ್ತಿರವಿರುವ, ಈಗ ಲಪ್ಪೇನ್‌ರಂತಾ ನಗರಾಡಳಿತಕ್ಕೆ ಸೇರಿದ ಇಲಾಮಾ ಎಂಬ ಊರಿನದು. 1940ರಲ್ಲಿ, ಸೋವಿಯತ್ ಒಕ್ಕೂಟದೊಂದಿಗಿನ ಚಳಿಗಾಲದ ಯುದ್ಧ ಮುಗಿದ ಬೆನ್ನಿಗೇ, ಸಾಲ್ಪಾ ಎಂಬ ರಕ್ಷಣಾ ಸಾಲನ್ನು ಕಟ್ಟುತ್ತಿದ್ದಾಗ ಈ ಕಲ್ಲಿನ ನೆಲೆ ಪತ್ತೆಯಾಯಿತು. ಭೂವಿಜ್ಞಾನಿ ಆರ್ನೆ ಲೈತಕಾರಿ ಅವರ ಮಗ ಅದನ್ನು ಗುರುತಿಸಿದರು, ಲೈತಕಾರಿ ಅವರೇ ಅದಕ್ಕೆ ಬಣ್ಣಪಟ್ಟಿಯನ್ನು ಸೂಚಿಸುವ ಈ ಹೆಸರಿಟ್ಟರು. ಖನಿಜವಾಗಿ ಅದು ಲ್ಯಾಬ್ರಡೊರೈಟ್, ಅಂದರೆ ಕ್ಯಾಲ್ಸಿಯಂ ಮತ್ತು ಸೋಡಿಯಂ ಎರಡೂ ಇರುವ ಒಂದು ಬಗೆಯ ಫೆಲ್ಡ್‌ಸ್ಪಾರ್. ಸುಮಾರು 160 ಕೋಟಿ ವರ್ಷಗಳ ಹಿಂದೆ ಭೂಗರ್ಭದಲ್ಲಿ ಶಿಲಾರಸ ಬಹು ನಿಧಾನವಾಗಿ ತಣಿಯುವಾಗ ಈ ಎರಡು ಅಂಶಗಳು ಬೇರ್ಪಟ್ಟು, ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ತೆಳುವಾದ ಪದರಗಳಾಗಿ ಒಂದರ ಮೇಲೊಂದು ಕುಳಿತವು. ಆ ಪದರಗಳಿಂದ ಮರಳುವ ಬೆಳಕಿನ ಅಲೆಗಳು ಪರಸ್ಪರ ಸೇರಿದಾಗ ಕೆಲವು ಬಣ್ಣಗಳು ಬಲಗೊಂಡು ಕೆಲವು ಅಳಿಯುತ್ತವೆ. ಪದರ ತೆಳುವಾದರೆ ನೀಲಿ, ದಪ್ಪವಾದಂತೆ ಹಸಿರು, ಕಿತ್ತಳೆ, ಕೆಂಪು. ಬೇರೆಡೆಯ ಲ್ಯಾಬ್ರಡೊರೈಟ್ ಹಲವು ವೇಳೆ ಬೂದು ಬಣ್ಣದ್ದಾಗಿದ್ದರೆ ಇಲಾಮಾದ ಕಲ್ಲಿನ ಮೈ ಕಪ್ಪಾಗಿರುವುದರಿಂದ ಆ ಹಿನ್ನೆಲೆಯಲ್ಲಿ ಬಣ್ಣಗಳೆಲ್ಲ ನವಿಲುಗರಿಯಂತೆ ಎದ್ದುಬರುತ್ತವೆ.

ಈ ಬಣ್ಣ ಎಲ್ಲ ಕೋನಗಳಲ್ಲೂ ಕಾಣುವುದಿಲ್ಲವೆಂಬುದೇ ಕಲ್ಲು ಕುಯ್ಯುವವರ ಮುಂದಿರುವ ಸವಾಲು. ಕಚ್ಚಾ ತುಂಡನ್ನು ನೀರಿನಲ್ಲಿ ನೆನೆಸಿ, ದೀಪದ ಕೆಳಗೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಮಿಂಚು ಪೂರ್ಣವಾಗಿ ತೋರುವ ಸಮತಲವನ್ನು ಗುರುತು ಮಾಡಿ, ಅದಕ್ಕೆ ಸಮಾನಾಂತರವಾಗಿಯೇ ಗರಗಸ ಇಡಬೇಕು. ಅಂದಾಜು ತುಸು ತಪ್ಪಿದರೂ ಸಿದ್ಧವಾದ ಹರಳು ಕಪ್ಪು ಕಲ್ಲಾಗಿಯೇ ಉಳಿಯುತ್ತದೆ. ಇದನ್ನು ಮುಖಗಳಿಲ್ಲದೆ ಮೇಲ್ಭಾಗ ಮಾತ್ರ ಉಬ್ಬಿದ ಕ್ಯಾಬೊಷನ್ ರೂಪದಲ್ಲಿ ತೀಡುತ್ತಾರೆ. ಗಡಸುತನದ ಮಾಪನದಲ್ಲಿ ಇದು 6ರಿಂದ 6.5ರಷ್ಟಿದ್ದು, ದೂಳಿನಲ್ಲಿರುವ ಬೆಣಚುಕಲ್ಲಿನ ಕಣಗಳು 7ರಷ್ಟಿರುವುದರಿಂದ, ದಿನನಿತ್ಯದ ಉಂಗುರದಲ್ಲಿ ಇದಕ್ಕೆ ಗೀರು ಬೀಳುವ ಭಯವಿದೆ. ಪದಕಕ್ಕೆ ಅದು ಹೆಚ್ಚು ಸುರಕ್ಷಿತ.

ಮತ್ತೆ ವೆಕ್‌ಸ್ಟ್ರೋಮ್ ಅವರ ಕೆಲಸಕ್ಕೆ ಮರಳಿದರೆ, 1969ರಲ್ಲಿ, ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ವರ್ಷವೇ, ವೆಕ್‌ಸ್ಟ್ರೋಮ್ ಅವರು ‘ಸ್ಪೇಸ್ ಸಿಲ್ವರ್’ ಎಂಬ ಬೆಳ್ಳಿಯ ಸರಣಿಯನ್ನು ಹೊರತಂದರು. ಆ ಬಗೆಯ ಒಡವೆಗಳಲ್ಲಿ ಬೆಳ್ಳಿಯ ಜೊತೆ ಪಾರದರ್ಶಕ ಅಕ್ರಿಲಿಕ್ ಸೇರಿಸಿ, ನೀರು ಹೆಪ್ಪುಗಟ್ಟಿದ ಸರೋವರದಂಥ ನೋಟವನ್ನು ಉಂಗುರವೊಂದರಲ್ಲಿ ಅವರು ಸೃಷ್ಟಿಸಿದರು. ಅದನ್ನು ಕಲಾವಿದೆ ಯೋಕೊ ಓನೊ ಧರಿಸಿದ್ದರು. ಇದೇ ಕಾಲದ ‘ಪ್ಲಾನೆಟಾಯ್ಡ್ ವ್ಯಾಲೀಸ್’ ಕಂಠಹಾರವು 1977ರ ‘ಸ್ಟಾರ್ ವಾರ್ಸ್’ ಚಲನಚಿತ್ರದ ಕೊನೆಯ ಸಮಾರಂಭದ ದೃಶ್ಯದಲ್ಲಿ ರಾಜಕುಮಾರಿ ಲೇಯಾ ಪಾತ್ರಧಾರಿ ಕ್ಯಾರಿ ಫಿಷರ್ ಅವರ ಕೊರಳಲ್ಲಿ ಕಾಣಿಸಿಕೊಂಡಿತು. ಈ ಖ್ಯಾತಿಯಿಂದ ಮಾರಾಟ ಹೆಚ್ಚಿತೆಂಬುದು ನಿಜವಾದರೂ, ಅವರ ಶಕ್ತಿ ಪೂರ್ಣವಾಗಿ ಕಾಣುವುದು ಅದಕ್ಕೆ ಮೊದಲಿನ ಒರಟು ಚಿನ್ನದ ಒಡವೆಗಳಲ್ಲೇ.

ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಲ್ಯಾಪ್‌ಲ್ಯಾಂಡ್ ನಿರ್ಜನ ಭೂದೃಶ್ಯವಲ್ಲ. ಅದು ಹಿಮಸಾರಂಗ ಸಾಕಿ ಬಾಳಿದ ಸಾಮಿ ಜನರ ತಾಯ್ನೆಲ, ‘ಲ್ಯಾಪ್’ ಎಂಬುದು ಹೊರಗಿನವರು ತಮಗೆ ಅಂಟಿಸಿದ ಹೀನಾರ್ಥದ ಹೆಸರೆಂದು ಅವರಲ್ಲಿ ಅನೇಕರು ಭಾವಿಸುತ್ತಾರೆ. ಎಲೆಯಂಥ ತಗಡುಗಳು ತೂಗುವ, ಶಾಲು ಬಿಗಿಯುವ ಬೆಳ್ಳಿಯ ಪಿನ್ನುಗಳು ಅವರದೇ ಆದ ಆಭರಣ ಪರಂಪರೆ. ಹೆಲ್ಸಿಂಕಿಯ ಕಲಾವಿದರೊಬ್ಬರು ಆ ನೆಲದಿಂದ ಪಡೆದ ಪ್ರೇರಣೆಯನ್ನು ಮೆಚ್ಚುವಾಗ ಈ ಪರಂಪರೆಯನ್ನೂ ಜೊತೆಗಿಟ್ಟು ನೋಡುವುದು ನ್ಯಾಯ.

ಲ್ಯಾಪೊನಿಯಾ ಸಂಸ್ಥೆ 2005ರಲ್ಲಿ ಕಲೇವಾಲ ಕೋರು ಸಂಸ್ಥೆಯ ಒಡೆತನಕ್ಕೆ ಸೇರಿದ್ದರಿಂದ, ಇತಿಹಾಸದತ್ತ ಹೋದ ದಾರಿಯೂ ನೆಲದತ್ತ ಹೊರಳಿದ ದಾರಿಯೂ ಒಂದೇ ಸೂರಿನಡಿ ಬಂದಂತಾಯಿತು. ಗ್ರಾಂ ಲೆಕ್ಕ, ಮಜೂರಿ, ವೇಸ್ಟೇಜುಗಳಲ್ಲೇ ಒಡವೆಯ ಬೆಲೆ ಕಟ್ಟುವ ರೂಢಿ ಬಲವಾಗಿರುವ ಕರ್ನಾಟಕದಲ್ಲಿ ಆಭರಣ ವಿನ್ಯಾಸ ಕಲಿಸುವ ಶಾಲೆಗಳು ವೆಕ್‌ಸ್ಟ್ರೋಮ್ ಅವರ ಕೆಲಸವನ್ನು ಪಾಠಕ್ಕೆ ತೆಗೆದುಕೊಳ್ಳಬೇಕು. ಅವರ ಮಾದರಿಗಳನ್ನು ನಕಲು ಮಾಡುವುದಕ್ಕಲ್ಲ, ತಮ್ಮ ಸುತ್ತಲಿನ ಬಂಡೆ, ಹೊಳೆ, ಮರಗಳ ಮೈಯನ್ನು ಅಷ್ಟೇ ಶ್ರದ್ಧೆಯಿಂದ ನೋಡಿ ಮೇಣಕ್ಕೆ ಇಳಿಸುವುದನ್ನು ವಿದ್ಯಾರ್ಥಿಗಳು ಕಲಿಯುವುದಕ್ಕೆ.